ಕಡ ತಂದ ನಾಲ್ಕು ಆಂಪು

ಕದಿರಪ್ಪನ ಮನೆಯ ಕರೆಂಟು ಒಲೆ ಹತ್ತದೆ ಹೋದದ್ದು ನಿಜ. ಆದರೆ ಅದು ಕದಿರಪ್ಪನ ತಲೆನೋವು. ಆ ತಲೆನೋವು ಕಲ್ಯಾಣದುರ್ಗದ ಶಂಕರಯ್ಯನ ಕೊರಳಿಗೆ ಬಂದು ಸುತ್ತಿಕೊಂಡದ್ದಕ್ಕೆ ಅವನ ಅತ್ತೆ ರಾಮಕ್ಕನ ಬಾಯಿಯೇ ಕಾರಣ.

ಹಿಂದೂಪುರದ ಆ ಬೀದಿಗೆ ಕರೆಂಟು ಬಂದು ಎರಡು ವರ್ಷ ತುಂಬಿರಲಿಲ್ಲ. ಮನೆಗೆ ನಾಲ್ಕೈದು ಬಲ್ಬು, ಅಲ್ಲೊಂದು ಇಲ್ಲೊಂದು ರೇಡಿಯೋ, ಅಷ್ಟೇ ವೈಭವ. ಅಂಥ ಬೀದಿಯಲ್ಲಿ ದಸರಾ ರಜೆಯ ಕೊನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಕದಿರಪ್ಪ ಬೆಂಗಳೂರಿನಿಂದ ತರಿಸಿದ ಕರೆಂಟು ಒಲೆಯನ್ನು ಪಡಸಾಲೆಯ ಮಣೆಯ ಮೇಲಿಟ್ಟು, ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದ. ಅದರ ಮೇಲೆ ಕಾಯಿಸಿದ ಕಾಫಿಯನ್ನು ಬೀದಿಗೆಲ್ಲ ಕೊಡುತ್ತೇನೆಂದು ಮೊದಲೇ ಸಾರಿಬಿಟ್ಟಿದ್ದರಿಂದ ಜನ ಲೋಟ ಹಿಡಿದೇ ಬಂದಿದ್ದರು. ಕದಿರಪ್ಪ ದೇವರನ್ನು ನೆನೆದು ಸ್ವಿಚ್ಚು ಒತ್ತಿದ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಟಪ್ ಎಂದಿತು. ಒಲೆ ತಣ್ಣಗೆ ಕೂತಿತ್ತು. ದೇವರ ಮುಂದಿನ ಬಲ್ಬೂ ಆರಿತು.

ಫ್ಯೂಸು ಹೋಗಿತ್ತು. ಹೊಸ ತಂತಿ ಕಟ್ಟಿ ಮತ್ತೆ ಒತ್ತಿದರೆ ಮತ್ತೆ ಟಪ್. ಮೂರನೆಯ ಸಲಕ್ಕೆ ಜನರ ಮುಖದಲ್ಲಿ ನಗು ಕಾಣಿಸಿಕೊಂಡಿತು. ಊರಿನಲ್ಲಿ ಯಾರ ಒಲೆ ಹತ್ತದಿದ್ದರೂ ಮರುಕ ತೋರಿಸುವ ಜನ ದೊಡ್ಡವರ ಒಲೆ ಹತ್ತದಿದ್ದರೆ ಮಾತ್ರ ಯಾಕೋ ನಗುತ್ತಾರೆ.

ಆಗ ಎದುರು ಮನೆಯ ರಾಮಕ್ಕ ಬಾಯಿ ತೆಗೆದಳು.

"ಅದ್ಯಾಕಂಗೆ ಒದ್ದಾಡ್ತೀಯ ಕದಿರಪ್ಪ? ನಮ್ಮ ಅಳಿಯಂದ್ರು ಬಂದವ್ರಲ್ಲ! ಕಲ್ಯಾಣದುರ್ಗದ ಹೈಸ್ಕೂಲಾಗೆ ಕರೆಂಟು ಪಾಠ ಹೇಳ್ಕೊಡೋರು ಅವ್ರೇ ಕಣಪ್ಪ. ಹನ್ನೊಂದು ವರ್ಸದಿಂದ ಹೇಳ್ಕೊಡ್ತಾವ್ರೆ!"

ಹನ್ನೊಂದು ವರ್ಷದಿಂದ ಹೇಳಿಕೊಡುತ್ತಿದ್ದದ್ದು ಸುಳ್ಳಲ್ಲ. ಆದರೆ ಕಲ್ಯಾಣದುರ್ಗದ ಆ ಶಾಲೆಗೆ ಕರೆಂಟೇ ಇರಲಿಲ್ಲ. ಶಂಕರಯ್ಯ ಬಾಡಿಗೆಗಿದ್ದ ಕೇರಿಗೂ ಇರಲಿಲ್ಲ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಉದಾಹರಣೆ ಕೊಟ್ಟು ಅವನು ಪಾಠ ಮುಗಿಸುತ್ತಿದ್ದ: ನೀರು ಎತ್ತಿದ ಎತ್ತರ ವೋಲ್ಟೇಜು, ಕಾಲುವೆಯಲ್ಲಿ ಹರಿಯುವ ನೀರು ಕರೆಂಟು, ಕಾಲುವೆಗೆ ಅಡ್ಡ ಬೆಳೆದ ಜೊಂಡು ರೆಸಿಸ್ಟೆನ್ಸು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೆಸಿಸ್ಟೆನ್ಸು, ಗುಣಿಸಿದರೆ ಪವರು. ಮಕ್ಕಳು ಬರೆದುಕೊಂಡು ಪಾಸಾಗುತ್ತಿದ್ದರು. ಫ್ಯೂಸೆಂಬುದನ್ನು ಮೇಷ್ಟ್ರೂ ಮುಟ್ಟಿರಲಿಲ್ಲ, ಮಕ್ಕಳೂ ಮುಟ್ಟಿರಲಿಲ್ಲ.

ಹೊಟ್ಟೆನೋವು ಎಂದು ಹೇಳಿ ಶಂಕರಯ್ಯ ಮಲಗಿಬಿಡಬಹುದಿತ್ತು. ಆದರೆ ಕದಿರಪ್ಪ ಬರೀ ಎದುರು ಮನೆಯವನಲ್ಲ, ಶಾಲೆಗಳ ಬೋರ್ಡಿನ ಮೆಂಬರು. ಮೇಷ್ಟ್ರುಗಳ ವರ್ಗಾವಣೆ ಅವನ ಸಹಿಯ ತುದಿಯಲ್ಲಿ ನೇತಾಡುತ್ತಿತ್ತು.

ಶಂಕರಯ್ಯನಿಗೆ ಹಿಂದೂಪುರಕ್ಕೆ ವರ್ಗ ಬೇಕಾಗಿತ್ತು. ತಂಗಿಯ ಮದುವೆಗೆಂದು ತವರಿಗೆ ಬಂದ ಅವನ ಹೆಂಡತಿ ಬನಶಂಕರಿ, ಸ್ವಿಚ್ಚು ಒತ್ತಿದರೆ ಬೆಳಕಾಗುವ ಮನೆಯಲ್ಲಿ ನಾಲ್ಕು ದಿನ ಇದ್ದವಳೇ, "ಆ ಸೀಮೆಎಣ್ಣೆ ಬುಡ್ಡಿ ಹೊಗೆಗೆ ನನ್ನ ಕಣ್ಣು ಹೋಯ್ತವೆ. ಕರೆಂಟು ಬರೋಗಂಟ ನಾನು ಕಲ್ಯಾಣದುರ್ಗಕ್ಕೆ ಬರಾಕಿಲ್ಲ" ಎಂದುಬಿಟ್ಟಿದ್ದಳು. ಅದಾಗಿ ಆರು ತಿಂಗಳು. ಆರು ತಿಂಗಳಿಂದ ಶಂಕರಯ್ಯ ತಾನೇ ಮುದ್ದೆ ತೊಳಸಿ, ತಾನೇ ಸೀಯಿಸಿ, ತಾನೇ ತಿನ್ನುತ್ತಿದ್ದ. ಹೆಂಡತಿಯಿಲ್ಲದ ಮನೆ ಅವನಿಗೆ ಸಾಕುಸಾಕಾಗಿತ್ತು. ವರ್ಗಾವಣೆಯ ಅರ್ಜಿ ಕೊಟ್ಟು ಮೂರು ತಿಂಗಳಾಗಿತ್ತು. ಅದು ಕದಿರಪ್ಪನ ಮೇಜಿನ ಖಾನೆಯಲ್ಲಿ ಮಲಗಿತ್ತು. ಈ ಸಂಗತಿಯನ್ನು ಅವನು ಬನಶಂಕರಿಗೂ ಹೇಳಿರಲಿಲ್ಲ. ಆರ್ಡರು ಕೈಗೆ ಬಂದಮೇಲೆ ಅವಳ ಮುಂದೆ ಹಿಡಿದು, ಅವಳ ಕಣ್ಣು ಅರಳುವುದನ್ನು ನೋಡಬೇಕೆಂಬ ಆಸೆ.

ಕದಿರಪ್ಪ ಅವನನ್ನು ಕಂಬದ ಮರೆಗೆ ಎಳೆದ.

"ಮೇಷ್ಟ್ರೇ, ಬೀದಿ ಮುಂದೆ ನನ್ನ ಮಾನ ಹೋಯ್ತಾ ಐತೆ. ಈ ಒಲೆ ಇವತ್ತು ಹತ್ತಬೇಕು. ಹತ್ತಿದ್ರೆ ನಿಮ್ಮ ಕಾಗದಕ್ಕೆ ಈಗ್ಲೇ ಸೈನು. ಹತ್ತಲಿಲ್ಲಾಂದ್ರೆ…"

"ಹತ್ತಲಿಲ್ಲಾಂದ್ರೆ?"

"ನೀವೇ ಕರೆಂಟು ಮೇಷ್ಟ್ರು. ನೀವೇ ಲೆಕ್ಕ ಹಾಕ್ಕೊಳ್ಳಿ."

ಶಂಕರಯ್ಯ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತ. ಅದರ ಹೊಟ್ಟೆಯ ಮೇಲೆ 220 ವೋಲ್ಟು, 5 ಆಂಪು ಎಂದು ಕೆತ್ತಿತ್ತು. ಅವನಿಗೆ ಜೀವ ಬಂದಂತಾಯಿತು. ಇದು ಪಾಠದ ಪುಸ್ತಕದ ಲೆಕ್ಕವೇ! ಇದ್ದಿಲ ಚೂರೊಂದನ್ನು ತೆಗೆದುಕೊಂಡು, ಹಬ್ಬಕ್ಕೆಂದು ಸುಣ್ಣ ಬಳಿದಿದ್ದ ಕದಿರಪ್ಪನ ಗೋಡೆಯ ಮೇಲೆ ಬರೆಯತೊಡಗಿದ. ಕದಿರಪ್ಪ ಹಲ್ಲು ಕಚ್ಚಿಕೊಂಡ.

"ಇನ್ನೂರಿಪ್ಪತ್ತು, ಐದರಿಂದ ಭಾಗಿಸಿದ್ರೆ… ನಲವತ್ನಾಲ್ಕು!"

"ಬರೀ ನಲವತ್ನಾಕಾ?" ಎಂದಳು ಪಕ್ಕದ ಮನೆಯ ಮುನಿಯಕ್ಕ. "ನಮ್ಮನೆ ಬಚ್ಚಲ ಬಲ್ಬೇ ನಲವತ್ತೈತೆ! ಅಯ್ಯೋ ಕದಿರಪ್ಪ, ಬಚ್ಚಲ ಬಲ್ಬಿಗೆ ಕಾಯಿ ಒಡ್ದುಬುಟ್ಯಲ್ಲ!"

ಕದಿರಪ್ಪನ ಮುಖ ಕಪ್ಪಾಯಿತು. ಶಂಕರಯ್ಯ ಗಾಬರಿಯಿಂದ ಕೈಯಾಡಿಸಿದ.

"ಅದು ವಾಟಲ್ಲ, ಅದು ಓಮು! ಒಲೆ ಎಷ್ಟು ಅಡ್ಡಗಟ್ಟುತ್ತೆ ಅನ್ನೋ ಲೆಕ್ಕ. ಪವರ್ರಿಗೆ ಗುಣಿಸಬೇಕು. ಇನ್ನೂರಿಪ್ಪತ್ತು ಐದ್ಲಿ… ಸಾವಿರದ ನೂರು! ಸಾವಿರದ ನೂರು ವಾಟು! ಅಂದ್ರೆ ಮುನಿಯಕ್ಕ, ನಿಮ್ಮ ಬಚ್ಚಲ ಬಲ್ಬು ಇಪ್ಪತ್ತೇಳೂವರೆ ಸೇರಿದ್ರೆ ಈ ಒಲೆ!"

ಜನ ಹೋ ಎಂದರು. ಕದಿರಪ್ಪನ ಎದೆ ಒಂದು ಗೇಣು ಹಿಗ್ಗಿತು.

"ಅಬ್ಬೋ! ಅಲ್ಲುಡಂಟೆ ಇಲಾ ಉಂಡಾಲಿ!" ಎಂದ ಮೂಲೆಮನೆಯ ಲಿಂಗಣ್ಣ, ಅಳಿಯನೆಂದರೆ ಹೀಗಿರಬೇಕು ಎಂಬಂತೆ ತಲೆದೂಗುತ್ತ. ಬೀದಿಯ ಮೊದಲ ರೇಡಿಯೋ ಅವನದೇ ಆದ್ದರಿಂದ ಕರೆಂಟಿನ ವಿಷಯದಲ್ಲಿ ತನ್ನ ಮಾತು ನಡೆಯಬೇಕೆಂಬ ಹಟ ಅವನಿಗಿತ್ತು. "ಸರಿ ಮೇಷ್ಟ್ರೇ, ಮತ್ತೆ ಫ್ಯೂಸು ಯಾಕೆ ಹೋಯ್ತದೆ?"

ಶಂಕರಯ್ಯ ಮತ್ತೊಂದು ಲೆಕ್ಕ ಹಾಕಿದ. ಮನೆಗೆ ಐದು ಬಲ್ಬು, ನಲವತ್ತರಂತೆ ಇನ್ನೂರು ವಾಟು, ಅಂದರೆ ಒಂದು ಆಂಪಿಗೂ ಕಡಿಮೆ. "ಈ ಮನೆಗೆ ಹಾಕಿರೋ ಫ್ಯೂಸು ಒಂದು ಆಂಪಿಂದು. ಒಲೆ ಕೇಳೋದು ಐದು. ಇನ್ನೂ ನಾಲ್ಕು ಬೇಕು, ಸಾಲ್ದು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಹೇಳಿದ ಬೀದಿ. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಸಾಲದಿದ್ದರೂ ಪಕ್ಕದ ಮನೆಯಿಂದ ಕಡ ಬರುತ್ತಿತ್ತು. ಬೆಳಿಗ್ಗೆ ಒಲೆಗೆ ಕೆಂಡ, ಸಂಜೆ ಹಾಲಿಗೆ ಹೆಪ್ಪು, ನೆಂಟರು ಬಂದರೆ ಚಾಪೆ.

"ನಾಕು ತಾನೆ?" ಎಂದಳು ಮುನಿಯಕ್ಕ. "ಅದಕ್ಯಾಕೆ ಇಷ್ಟು ರಂಪ? ನಮ್ಮನೇದೊಂದು ತಗೊಳ್ಳಿ. ಹಗಲೊತ್ತು ನಾವೇನು ಬಲ್ಬು ಹಾಕ್ತೀವಾ? ರಾಮಕ್ಕಂದೊಂದು, ಲಿಂಗಣ್ಣಂದೊಂದು, ಆ ಕೊನೇ ಮನೇದೊಂದು. ನಾವೆಲ್ಲ ಮೇನು ಸ್ವಿಚ್ಚು ಆರ್ಸಿದ್ರೆ ನಮ್ಮ ಪಾಲಿನ ಆಂಪು ಅದ್ರ ಪಾಡಿಗದು ಇಲ್ಲಿಗೆ ಬತ್ತದೆ."

"ಹಾಗಲ್ಲ ಮುನಿಯಕ್ಕ, ಆಂಪು ಅಂದ್ರೆ…" ಶಂಕರಯ್ಯ ಹೇಳಹೊರಟ. ಕೇಳುವವರಾರು? ಜನ ಆಗಲೇ ಮನೆಗಳಿಗೆ ಓಡಿದ್ದರು. ಬೀದಿಯ ಎರಡೂ ಕಡೆಯಿಂದ ಕೂಗು ಎದ್ದಿತು. "ನಮ್ಮನೇದು ಆರ್ಸಿದೀವಿ, ಬಂತಾ?" "ನಮ್ಮದೂ ಬಿಟ್ಟೀವಿ, ಹಿಡ್ಕೊಳ್ಳಿ!"

ಆ ಗದ್ದಲದಲ್ಲಿ ಬನಶಂಕರಿ ಬಂದು ಗಂಡನ ಹಿಂದೆ ನಿಂತಳು. ಎರಡು ದಿನದಿಂದ ಅವಳ ಮುಖದಲ್ಲಿ ಏನೋ ಒಂದು ಗುಟ್ಟಿನ ಕಳೆ ಇತ್ತು.

"ಏನ್ರೀ, ಸ್ವಲ್ಪ ಒಳಕ್ಕೆ ಬನ್ನಿ. ನಿಮ್ಮತ್ರ ಒಂದು ಮಾತೈತೆ."

"ಈಗಲ್ಲ ಬನಶಂಕರಿ!"

"ಆ ಒಲೆ ಹತ್ತಿದ್ರೇನು ಬಿಟ್ರೇನು? ಬನ್ನಿ ಅಂದ್ರೆ."

ತನ್ನ ವಿದ್ಯೆಯ ಮೇಲೆ ಹೆಂಡತಿಗೆ ಇಷ್ಟೂ ನಂಬಿಕೆಯಿಲ್ಲವೇ ಎಂದು ಶಂಕರಯ್ಯನಿಗೆ ಚುರುಕ್ಕೆಂದಿತು. ಅವಳಿಗೆ ತೋರಿಸಿಯೇ ತೋರಿಸುತ್ತೇನೆಂದು ಎದ್ದು, ಬೆವರಿದ ಕೈಯಿಂದಲೇ ಫ್ಯೂಸಿನ ಪೆಟ್ಟಿಗೆಗೆ ಬೆರಳಿಟ್ಟ. ಹನ್ನೊಂದು ವರ್ಷ ಸೀಮೆಸುಣ್ಣದಲ್ಲಿ ಬರೆದು ಅಳಿಸಿದ್ದ ಇನ್ನೂರಿಪ್ಪತ್ತು ವೋಲ್ಟು ಆ ದಿನ ಮೊದಲ ಸಲ ಅವನನ್ನು ಖುದ್ದಾಗಿ ಮಾತನಾಡಿಸಿತು. ಶಂಕರಯ್ಯ ಹಿಂದಕ್ಕೆ ಹಾರಿ ರಾಗಿ ಮೂಟೆಯ ಮೇಲೆ ಕೂತ. ಪಂಚೆ ಒಂದು ಕಡೆ, ಕನ್ನಡಕ ಒಂದು ಕಡೆ.

"ಏನಾಯ್ತು ಅಳಿಯಂದ್ರೇ?" ರಾಮಕ್ಕ ಕಿರುಚಿದಳು.

"ಏನಿಲ್ಲ, ಏನಿಲ್ಲ," ಶಂಕರಯ್ಯ ಕೈ ಒದರುತ್ತ ಹೇಳಿದ. "ಕರೆಂಟು ಬರ್ತಾ ಐತೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ. ಬರ್ತಾ ಐತೆ."

"ನಾವು ಕೊಟ್ಟಿದ್ದು ಬಂದಿರ್ಬೇಕು, ಅದಕ್ಕೇ ಅಷ್ಟು ಜೋರಾಗಿ ಎತ್ತಾಕಿದ್ದು" ಎಂದಳು ಮುನಿಯಕ್ಕ.

ಮೇನು ಆರಿಸಿ, ಇದ್ದ ಕೊನೆಯ ತಂತಿ ಕಟ್ಟಿ, ಮತ್ತೆ ಹಾಕಿದರು. ಟಪ್.

"ಯಾರೋ ಕೊಟ್ಟಿಲ್ಲ!" ಮುನಿಯಕ್ಕ ಸೊಂಟಕ್ಕೆ ಕೈಯಿಟ್ಟು ಲಿಂಗಣ್ಣನ ಕಡೆ ತಿರುಗಿದಳು. "ನೀನೇ ಕಣ್ಲಾ! ರೇಡಿಯೋ ಹಚ್ಕೊಂಡಿದ್ದೀಯ. ಒಂದು ಆಂಪು ಕಡ ಕೊಡಾಕೆ ನಿಂಗೆ ಕೈ ಬರಾಕಿಲ್ವಾ?"

"ನಾನಾ? ನಮ್ಮನೆ ಬಾಗಿಲಿಗೇ ಬೀಗ ಹಾಕಿ ಬಂದಿವ್ನಿ. ನಿಮ್ಮನೆ ಆಂಪು ಹಳೇದು, ಅದ್ರಾಗೆ ಶಕ್ತಿ ಇಲ್ಲ!"

ಇಬ್ಬರ ಮನೆತನಗಳೂ ಬೀದಿಗೆ ಬಂದವು. ಅವರ ಜಗಳ ಬಿಡಿಸುವುದರಲ್ಲಿ ಒಂದು ಗಂಟೆ ಹೋಯಿತು. ಅಷ್ಟರಲ್ಲಿ ಫ್ಯೂಸಿನ ತಂತಿ ಮುಗಿದಿತ್ತು, ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಕದಿರಪ್ಪ ಶಂಕರಯ್ಯನನ್ನು ನೋಡಿದ ನೋಟದಲ್ಲಿ ಇನ್ನೂ ಮೂರು ವರ್ಷದ ಕಲ್ಯಾಣದುರ್ಗ ಕಾಣಿಸುತ್ತಿತ್ತು.

ಆಗ ಜಗಳದಲ್ಲಿ ಸೋತಿದ್ದ ಲಿಂಗಣ್ಣ ಮರ್ಯಾದೆ ಉಳಿಸಿಕೊಳ್ಳಲು ಒಂದು ಮಾತು ಹೇಳಿದ. "ತಂತಿ ಇಲ್ದಿದ್ರೆ ಜರಿ ಇಲ್ವಾ? ಅದ್ರಾಗಿರೋದು ಬೆಳ್ಳಿ ತಾನೆ?"

ಎಲ್ಲರೂ ಶಂಕರಯ್ಯನ ಮಾವ, ಜರಿ ಸೀರೆ ನೇಯುವ ಸೀತಾರಾಮಪ್ಪನ ಕಡೆ ನೋಡಿದರು. ಬೆಳಗಿನಿಂದ ಒಂದೂ ಮಾತಾಡದೆ ಕಂಬಕ್ಕೊರಗಿ ನಿಂತಿದ್ದ ಆ ಮುದುಕ ಬೆಚ್ಚಿಬಿದ್ದ.

"ಮಗ್ಗದ ಮ್ಯಾಲಿರೋದು ಮದುವೆ ಸೀರೆ ಕಣಪ್ಪ! ಅಂಚಿನ ಜರಿ ಅದು!"

"ಅಳಿಯನಿಗಿಂತ ಅಂಚು ಹೆಚ್ಚಾ?" ಎಂದಳು ರಾಮಕ್ಕ. ಸೀತಾರಾಮಪ್ಪ ಹೋಗಿ ಜರಿಯ ಉಂಡೆ ತಂದ. ಹೆಂಡತಿಯ ಮುಂದೆ ಬೇರೆ ದಾರಿ ಅವನಿಗೆ ನಲವತ್ತು ವರ್ಷದಿಂದ ಇರಲಿಲ್ಲ.

ಬೆಳ್ಳಿಯ ಹೆಸರು ಕೇಳಿ ಶಂಕರಯ್ಯನ ತಲೆ ಓಡತೊಡಗಿತು. ಜರಿಯ ಒಂದೇ ಎಳೆಯನ್ನು ಫ್ಯೂಸಿಗೆ ಕಟ್ಟಿ, ಮನೆಯ ಬಲ್ಬುಗಳನ್ನು ಒಂದೊಂದಾಗಿ ಹಾಕಿಸಿದ. ಮೂರು ಬಲ್ಬಿನವರೆಗೆ ಎಳೆ ತಡೆಯಿತು. ನಾಲ್ಕನೆಯದಕ್ಕೆ ಚಿಟ್ ಎಂದು ಸುಟ್ಟಿತು. ಅವನು ಇದ್ದಿಲು ಹಿಡಿದು ಗೋಡೆಗೆ ಹಾರಿದ. ಮೂರು ಬಲ್ಬಿಗೆ ನೂರಿಪ್ಪತ್ತು ವಾಟು. ಇನ್ನೂರಿಪ್ಪತ್ತರಿಂದ ಭಾಗಿಸಿದರೆ ಸುಮಾರು ಅರ್ಧ ಆಂಪು. ಎಳೆಗೆ ಅರ್ಧವಾದರೆ ಐದು ಆಂಪಿಗೆ ಹತ್ತು ಎಳೆ!

ಶಂಕರಯ್ಯ ತಾನು ಬರೆದದ್ದನ್ನು ತಾನೇ ಬಾಯಿ ಬಿಟ್ಟು ನೋಡಿದ. ಪುಸ್ತಕದಲ್ಲಿ ಇಲ್ಲದ ಒಂದು ಲೆಕ್ಕವನ್ನು ಅವನು ಜನ್ಮದಲ್ಲಿ ಮೊದಲ ಬಾರಿಗೆ ತಾನೇ ಹೂಡಿ ತಾನೇ ಬಿಡಿಸಿದ್ದ. ಕಣ್ಣಲ್ಲಿ ನೀರು ಬಂತು.

"ಏನ್ರೀ," ಬನಶಂಕರಿ ತೋಳು ಹಿಡಿದು ಎಳೆದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಆ ಮಾತು ಕೇಳಿ ಆಮ್ಯಾಕೆ ಏನಾದ್ರೂ ಮಾಡ್ಕೊಳ್ಳಿ."

"ಹತ್ತು ಎಳೆ, ಬನಶಂಕರಿ! ಹತ್ತೇ ಹತ್ತು ಎಳೆ! ಮಾತು ಆಮೇಲೆ!"

ಸೀತಾರಾಮಪ್ಪ ಎಳೆ ಎಣಿಸಿ ಹುರಿ ಮಾಡಿದ. ನೇಕಾರನ ಕೈ, ಎಷ್ಟು ಹೇಳಿದರೂ ಅಷ್ಟಕ್ಕೇ ನಿಲ್ಲುವುದಿಲ್ಲ. "ಅಂಚಿಗೆ ಎರಡು ಹೆಚ್ಗೆ ಇರ್ಲಿ, ಕಿತ್ತೋಯ್ತದೆ" ಎಂದು ಹನ್ನೆರಡು ಮಾಡಿದ. ಕಟ್ಟಿದರು. ಕದಿರಪ್ಪ ಈ ಸಲ ದೇವರನ್ನು ನೆನೆಯುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದ.

ಟಪ್ ಎನ್ನಲಿಲ್ಲ. ಒಲೆಯ ಸುರುಳಿ ಮೊದಲು ಮಂಕಾಗಿ, ಆಮೇಲೆ ಮಾಗಿದ ಮೆಣಸಿನಕಾಯಿಯಂತೆ ಕೆಂಪಗಾಯಿತು. ಹೆಂಗಸರು ಕೈ ಮುಗಿದರು. ಹಾಲು ಉಕ್ಕಿತು. ಮೊದಲ ಲೋಟ ಕಾಫಿ ಕದಿರಪ್ಪನ ಕೈಗೆ ಬಂತು. ಅವನು ಸೊರ್ ಎಂದು ಹೀರಿ ಮೀಸೆ ಒರೆಸಿಕೊಂಡ.

"ನಾನು ಕೊಟ್ಟ ಆಂಪಿನಿಂದ ಹತ್ತಿದ್ದು" ಎಂದಳು ಮುನಿಯಕ್ಕ.

"ನಂದು ಬರೋಗಂಟ ಹತ್ತಿತ್ತಾ?" ಎಂದ ಲಿಂಗಣ್ಣ.

"ಅದಿರ್ಲಿ, ಕಾಫಿ ಆಯ್ತಲ್ಲ, ನಮ್ಮದು ವಾಪಸ್ಸು ಬಂತೋ ಇಲ್ವೋ ನೋಡ್ಬೇಕು ಮೊದ್ಲು!" ಎನ್ನುತ್ತ ಮುನಿಯಕ್ಕ ಎದ್ದಳು.

ಬೀದಿಗೆ ಬೀದಿಯೇ ಮನೆಗೆ ಓಡಿತು. ಕೊಟ್ಟ ಆಂಪು ತಿರುಗಿ ಬಂದಿದೆಯೇ ಎಂದು ನೋಡಲು ಎಲ್ಲರೂ ಒಂದೇ ಗಳಿಗೆಯಲ್ಲಿ ಮೇನು ಹಾಕಿ, ಇದ್ದಬದ್ದ ಬಲ್ಬು, ರೇಡಿಯೋಗಳ ಸ್ವಿಚ್ಚುಗಳನ್ನೆಲ್ಲ ಒತ್ತಿದರು. ಬೀದಿಯ ತುದಿಯ ಕಂಬದ ಮೇಲೆ ಢಂ ಎಂದು ಪಟಾಕಿ ಹೊಡೆದಂತೆ ಸದ್ದಾಯಿತು. ಕಾಗೆಗಳು ಎದ್ದು ಹಾರಿದವು. ಒಲೆ ಕಪ್ಪಾಯಿತು, ರೇಡಿಯೋಗಳು ಮೂಕವಾದವು.

ಅರ್ಧ ಗಂಟೆಯಲ್ಲಿ ಲೈನ್‌ಮನ್ ಕಾಳಪ್ಪ ಸೈಕಲ್ಲಿನಲ್ಲಿ ಬಂದು, ಕಂಬ ನೋಡಿ, ಮನೆಮನೆ ಹುಡುಕಿ, ಕೊನೆಗೆ ಕದಿರಪ್ಪನ ಪೆಟ್ಟಿಗೆಯ ಮುಚ್ಚಳ ತೆಗೆದ.

"ಯಾರ್ರೀ ಇದು, ಫ್ಯೂಸಿಗೆ ಸೀರೆ ಉಡ್ಸಿರೋರು?"

ಇಡೀ ಬೀದಿ ಒಂದೇ ಬೆರಳಾಗಿ ಶಂಕರಯ್ಯನನ್ನು ತೋರಿಸಿತು. ಒಂದು ಗಳಿಗೆಯ ಹಿಂದೆ ಒಲೆ ಹತ್ತಿಸಿದವರು ಹತ್ತು ಜನರಿದ್ದರು, ಈಗ ಒಬ್ಬನೇ ಉಳಿದ. ತನ್ನ ಕಥೆ ಮುಗಿಯಿತೆಂದು ಶಂಕರಯ್ಯ ಕಣ್ಣು ಮುಚ್ಚಿದ.

ಆದರೆ ಕದಿರಪ್ಪ ಎದ್ದು ನಿಂತು ಗಹಗಹಿಸಿ ನಕ್ಕ. "ಕಾಳಪ್ಪ, ಮೊದ್ಲು ಕೂತ್ಕೊಂಡು ಕಾಫಿ ಕುಡಿ. ನಮ್ಮನೇಲಿ ಒಲೆ ಹಚ್ಚಿದ್ರೆ ಬೀದಿಗೆ ಬೀದಿನೇ ಆರೋಯ್ತದೆ ಅಂದ್ರೆ ಏನು ಪವರ್ರಪ್ಪ ಅದು! ಪೆನುಕೊಂಡದಾಗೆ ಯಾರಿಗೈತೆ? ಅನಂತಪುರದಾಗೆ ಯಾರಿಗೈತೆ? ಸಾವಿರದ ನೂರು! ಗೋಡೆ ಮ್ಯಾಲೆ ಬರ್ದೈತೆ ನೋಡು, ಅದನ್ನ ಅಳಿಸ್ಬ್ಯಾಡ್ರಿ ಯಾರೂ!"

ಮೇಜಿನ ಖಾನೆಯಿಂದ ಅರ್ಜಿ ತೆಗೆದ. ಎಲ್ಲರ ಮುಂದೆ ಸಹಿ ಹಾಕಿ, ಮೊಹರು ಒತ್ತಿ, ಶಂಕರಯ್ಯನ ಕೈಗಿಟ್ಟ. "ನಾಳೆ ಸ್ಕೂಲು ಬಾಗ್ಲು ತೆಗಿಯೋ ಹೊತ್ತಿಗೆ ಹಿಂದೂಪುರದಾಗೆ ಡ್ಯೂಟಿಗೆ ಸೇರ್ಕೊಳ್ಳಿ ಮೇಷ್ಟ್ರೇ. ಮೂರು ವರ್ಸ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡ್ಸಂಗಿಲ್ಲ. ನಾನೇ ಅಲ್ಲಾಡ್ಸಂಗಿಲ್ಲ, ಬೋರ್ಡಿನ ರೂಲು."

ಶಂಕರಯ್ಯನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣು ಅರಳಿದವು, ನಿಜ. ಆದರೆ ಅವನು ಅಂದುಕೊಂಡ ಹಾಗಲ್ಲ.

"ಅಯ್ಯೋ ದೇವ್ರೇ," ಎಂದಳು ಬನಶಂಕರಿ, ಅಲ್ಲೇ ಹೊಸಿಲ ಮೇಲೆ ಕುಸಿದು. "ಎಂಥ ಕೆಲ್ಸ ಮಾಡ್ಕೊಂಡ್ಬುಟ್ರಿ!"

ಕದಿರಪ್ಪ ತಲೆ ಕೆರೆದುಕೊಂಡ. "ಅದ್ಯಾಕಮ್ಮ ಹಂಗಂತೀಯ? ನಿಂದು ಬೆಳಿಗ್ಗೆ ಆಯ್ತು, ನಿನ್ನ ಗಂಡಂದು ಈಗಾಯ್ತು. ಮೇಷ್ಟ್ರೇ, ನಿಮ್ಮ ಹೆಂಡ್ರು ಈ ಆರು ತಿಂಗಳಾಗೆ ಹೊಲಿಗೆ ಪರೀಕ್ಷೆ ಪಾಸು ಮಾಡಿ, ಕಲ್ಯಾಣದುರ್ಗದ ಹೆಣ್ಮಕ್ಕಳ ಸ್ಕೂಲಿಗೆ ಹೊಲಿಗೆ ಟೀಚರ್ ಕೆಲ್ಸ ಕೇಳಿದ್ರು. ಬೆಳಿಗ್ಗೆ ಒಲೆ ಪೂಜೆಗೆ ಮುಂಚೆ ಸೈನು ಹಾಕಿ ಮೊದಲ್ನೇ ಬಸ್ಸಿಗೇ ಆರ್ಡರು ಕಳ್ಸಿಬುಟ್ಟೆ. ನಾಳೆ ಹತ್ತು ಗಂಟೆಗೆ ಆಯಮ್ಮ ಅಲ್ಲಿರ್ಬೇಕು. ಆ ಆರ್ಡರ್ರಿಗೂ ಮೂರು ವರ್ಸವೇ."

"ನೀನು… ನೀನು ಕರೆಂಟಿಲ್ಲದ ಊರಿಗೆ ಬರಲ್ಲ ಅಂದಿದ್ದೆ!" ಶಂಕರಯ್ಯ ತೊದಲಿದ.

"ಅದು ಸಿಟ್ಟಿನಾಗೆ ಅಂದ ಮಾತು ಕಣ್ರೀ! ನೀವು ಕಾಗದದಾಗೆಲ್ಲ ಮುದ್ದೆ ಸೀದೋಯ್ತು, ಮುದ್ದೆ ಸೀದೋಯ್ತು ಅಂತ ಬರಿತಿದ್ರಲ್ಲ, ಓದಿ ಓದಿ ನನ್ನ ಹೊಟ್ಟೆ ಉರೀತು. ನಿಮ್ಮ ಜೊತೆಗೇ ಇರಾಣ ಅಂತ ಕೇಳ್ಕೊಂಡೆ. ಬೆಳಿಗ್ಗೆಯಿಂದ ಹೇಳಾಕೆ ಬಾಯಿ ತೆರೆದ್ರೆ ಹತ್ತು ಎಳೆ, ಹತ್ತು ಎಳೆ ಅಂತ ಕುಣೀತಿದ್ರಿ!"

ಶಂಕರಯ್ಯನ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಆ ಹಾಳು ಒಲೆ ಹತ್ತದಿದ್ದರೆ ಸಾಕಿತ್ತು. ಕದಿರಪ್ಪ ಸಿಟ್ಟಿಗೆದ್ದು ಅರ್ಜಿ ಹರಿದು ಹಾಕುತ್ತಿದ್ದ, ಈ ಸಂಜೆ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದರು. ಜನ್ಮದಲ್ಲಿ ಒಂದೇ ಒಂದು ಸಲ ಅವನ ಲೆಕ್ಕ ಸರಿಯಾಗಿ ಬಂದಿತ್ತು, ಅದೂ ಈ ದಿನವೇ ಬರಬೇಕೇ? ಅವನಿಗೆ ಅಳು ಬಂತು, ಮೀಸೆಯಿದ್ದದ್ದರಿಂದ ಅಳಲಿಲ್ಲ.

ಸಂಜೆ ಐದೂವರೆಯ ಬಸ್ಸಿಗೆ ಅವನೇ ಬನಶಂಕರಿಯ ಟ್ರಂಕನ್ನು ಹತ್ತಿಸಿದ. ಅವಳು ಕಿಟಕಿಯಿಂದ ಕೈ ಚಾಚಿ ಅವನ ಬೆರಳು ಹಿಡಿದುಕೊಂಡಳು. ಮಾತಾಡುವ ಹೊತ್ತಿಗೆ ಕಂಡಕ್ಟರು ಸೀಟಿ ಊದಿದ.

ಬಸ್ಸಿನ ಧೂಳು ಕಣ್ಮರೆಯಾಗುವವರೆಗೂ ಶಂಕರಯ್ಯ ಅಲ್ಲೇ ನಿಂತಿದ್ದ. ಹಿಂದಿನಿಂದ ರಾಮಕ್ಕನ ದನಿ ಕೇಳಿಸಿತು. ಹಾಗೆ ಉಬ್ಬಿದ ದನಿಯನ್ನು ಅವನು ಮದುವೆಯ ದಿನವೂ ಕೇಳಿರಲಿಲ್ಲ.

"ನಡೀರಿ ಅಳಿಯಂದ್ರೇ, ಇಲ್ಲೇ ನಿಂತ್ರೆ ಹೆಂಗೆ? ಇನ್ನ ಮೂರು ವರ್ಸ ನಮ್ಮನೇಲೇ ತಾನೆ ಇರೋದು! ಪರಿಗಿಯಿಂದ ನಮ್ಮಣ್ಣ ನೀರೆತ್ತೋ ಮೋಟಾರು ಗಾಡಿಗೆ ಹಾಕ್ಕೊಂಡು ಬಂದವ್ನೆ. ತಿರುಗಾಕಿಲ್ವಂತೆ. ನಿಮ್ಮನ್ನ ಬಿಟ್ರೆ ಇನ್ಯಾರೂ ಅದನ್ನ ಮುಟ್ಟಂಗಿಲ್ಲ ಅಂತ ಹೇಳಿ ಬಂದಿವ್ನಿ."